ಜೂನ್ ಹದಿನೈದರೊಳಗೆ

ತಾಂಡೂರು
ಮೇ ೧೧, ೧೯೪೩

ಅಪ್ಪನವರ ಪಾದಗಳಿಗೆ ಮಾಣಿಕನ ನಮಸ್ಕಾರ.

ಪುಣೆಯಿಂದ ಉತ್ತರ ಬಂತು. ನಾನು ಅಕ್ಕನ ಮನೆಯಲ್ಲಿ ಉಳಿದದ್ದೇ ಒಳ್ಳೆಯದಾಯಿತು. ನಾರಾಯಣಖೇಡಕ್ಕೆ ಬರಬೇಕಾಗಿದ್ದರೆ ಈ ಕಾಗದ ಇನ್ನೂ ನಾಲ್ಕು ದಿನ ಯಾವುದೋ ಬಸ್ಸಿನ ನೆತ್ತಿಯ ಮೇಲೆ ಬಿಸಿಲು ಕಾಯುತ್ತ ಇರುತ್ತಿತ್ತು. ಇಲ್ಲಿ ಮುಂಬಯಿಯ ಮೇಲ್ ಗಾಡಿ ನಿಂತು ಹೋದ ಒಂದು ಗಂಟೆಗೆ ಟಪಾಲು ಕೈ ಸೇರುತ್ತದೆ.

ಅಲ್ಲಿಯ ಪ್ರಿನ್ಸಿಪಾಲರು ಬರೆದದ್ದು ಇಷ್ಟು. ಇಂಟರ್ ಎರಡನೆಯ ವರ್ಷದಲ್ಲಿ ನನಗಾಗಿ ಒಂದು ಜಾಗವನ್ನು ಜೂನ್ ಹದಿನೈದರವರೆಗೆ ಕಾದಿಡುತ್ತಾರೆ. ಅಷ್ಟರೊಳಗೆ ಎರಡು ಕಾಗದ ಅವರಿಗೆ ಮುಟ್ಟಬೇಕು. ಹುಡುಗನ ನಡತೆ ಒಳ್ಳೆಯದೆಂಬ ದಾಖಲೆ ಒಂದು, ಹುಡುಗ ಶಿಸ್ತಿನಿಂದ ಇರುತ್ತಾನೆಂದು ತಂದೆ ಬರೆದುಕೊಡುವ ಮುಚ್ಚಳಿಕೆ ಇನ್ನೊಂದು. ಗೋಡೆಗೆ ಸರ್ಕಾರದ ವಿರುದ್ಧ ಚೀಟಿ ಅಂಟಿಸಿದ ಗಲಾಟೆಯಲ್ಲಿ ನನ್ನದೂ ಸೇರಿ ಹನ್ನೊಂದು ಜನರ ಹೆಸರು ತೆಗೆದ ನಮ್ಮ ಹೈದರಾಬಾದಿನ ಕಾಲೇಜು ನನ್ನನ್ನು ಒಳ್ಳೆಯವನೆಂದು ಬರೆದುಕೊಡುವುದಿಲ್ಲ. ಇದನ್ನು ನಾನೇ ಪುಣೆಗೆ ಮುಚ್ಚಿಡದೆ ತಿಳಿಸಿದ್ದೆ. ನಿಮ್ಮ ತಹಸೀಲದಾರರು ಕೊಟ್ಟರೂ ನಡೆಯುತ್ತದೆ ಎಂದಿದ್ದಾರೆ.

ಆ ಚೀಟಿ ಬರೆದ ಕೈ ಯಾವುದೆಂದು ಮನೆಯಲ್ಲಿ ನಿಮಗೊಬ್ಬರಿಗೇ ಹೇಳಿದ್ದೇನೆ. ಅವತ್ತು ನೀವು ಒಂದೇ ಮಾತಾಡಿದಿರಿ, "ಅಕ್ಷರ ಚೊಲೋ ಇದ್ದಿರಬೇಕು" ಎಂದು. ಅದು ಸಿಟ್ಟೋ ಇನ್ನೇನೋ ನನಗೆ ಇಂದಿಗೂ ತಿಳಿದಿಲ್ಲ. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದ ರಾಯಿಕೋಡಿನ ರಾಮುಲು ಆ ರಾತ್ರಿ ಜ್ವರದಲ್ಲಿ ಕಣ್ಣು ಬಿಟ್ಟಿರಲಿಲ್ಲ. ಆದರೂ ನನ್ನ ಜೊತೆಗಾರನೆಂದು ಅವನ ಹೆಸರನ್ನೂ ತೆಗೆದರು, ವಿದ್ಯಾರ್ಥಿವೇತನವನ್ನೂ ನಿಲ್ಲಿಸಿದರು. ಈಗ ಜಹೀರಾಬಾದ್ ಸ್ಟೇಷನ್ನಿನಲ್ಲಿ ಮೂಟೆ ಹೊರುತ್ತಿದ್ದಾನೆ.

ರಾಜ್ಯದೊಳಗಿನ ಯಾವ ಕಾಲೇಜೂ ನನ್ನನ್ನು ಸೇರಿಸಿಕೊಳ್ಳುವಂತಿಲ್ಲ. ಪುಣೆ ಒಂದೇ ಬಾಗಿಲು. ಕಾಗದಗಳನ್ನು ನನಗೇ ಕಳಿಸಿರಿ, ಇಲ್ಲಿಂದ ಮೇಲ್ ಗಾಡಿಗೆ ಹಾಕಿದರೆ ಮರುದಿನವೇ ಪುಣೆ.

ನಿಮ್ಮ
ಮಾಣಿಕ

•

ನಾರಾಯಣಖೇಡ
೧೪ ತೀರ್ ೧೩೫೨ ಫಸಲಿ (ಇಂಗ್ರೇಜಿ ಮೇ ೧೯)

ಚಿರಂಜೀವಿ ಮಾಣಿಕನಿಗೆ ಆಶೀರ್ವಾದ. ನಾನು, ನಿನ್ನ ಅವ್ವ ಇಬ್ಬರೂ ಎದ್ದು ಓಡಾಡುತ್ತಿದ್ದೇವೆ. ಅದನ್ನೇ ಕ್ಷೇಮ ಎಂದು ತಿಳಿ.

ಮೂವತ್ತೊಂದು ವರ್ಷದಿಂದ ಕಚೇರಿಯ ಮುಂದೆ ಬೇವಿನ ಕೆಳಗೆ ಚಾಪೆ ಹಾಸಿಕೊಂಡು ಊರ ಮಂದಿಯ ಅರ್ಜಿ ಬರೆಯುತ್ತಿದ್ದೇನೆ. ದನ ಕಳೆದವರು, ಹೆಂಡತಿ ಕಳೆದವರು, ಹೊಲದ ಬದು ಕಳೆದವರು, ಎಲ್ಲರೂ ಬಂದಿದ್ದಾರೆ. ಮಗನ ನಡತೆ ಕಳೆದಿದೆ ಹುಡುಕಿಕೊಡಿ ಎಂದು ನಾನೇ ಬರೆದುಕೊಂಡು ಒಳಗೆ ಹೋಗುವ ಕಾಲ ಬಂತು. ಕಚೇರಿಯ ಗುಮಾಸ್ತ ಪೇಶ್ಕಾರ ಅರ್ಜಿ ಓದಿ ಮೀಸೆಯಲ್ಲೇ ನಕ್ಕ. "ಏನ್ರಿ ರೇವಪ್ಪ, ಮಂದಿದು ಬರಕೊಟ್ಟು ಬರಕೊಟ್ಟು ಈಗ ನಿಮ್ದೇ ಪಾಳಿ ಬಂತಲ್ಲ" ಎಂದ. ನಾನು ಸುಮ್ಮನಿದ್ದೆ. ಸುಮ್ಮನಿರುವುದು ಎಷ್ಟು ಕಷ್ಟದ ಕೆಲಸವೆಂದು ನೀನು ಇನ್ನೂ ಕಲಿಯಬೇಕಾಗಿದೆ.

ತಹಸೀಲದಾರ್ ಸಾಹೇಬರು ಒಳ್ಳೆಯವರು, ಆದರೆ ಅಂಜುಬುರುಕರು. ಪೊಲೀಸ್ ಪಟೇಲರ ಮಾತು ಬರಹದಲ್ಲಿ ತಾ ಎಂದರು, ತಂದೆ. ಊರಿನ ಇಬ್ಬರು ದೊಡ್ಡವರ ರುಜು ತಾ ಎಂದರು, ತಂದೆ. ಈಗ ಹಳ್ಳಿಗಳ ದೌರೆಗೆ ಹೋಗಿದ್ದಾರೆ. ಬಂದ ಮೇಲೆ ನೋಡೋಣ ಎಂದಿದ್ದಾರೆ. ನಾಲ್ಕು ಸಲ ಹೋಗಿ ಬಂದೆ. ಐದನೆಯ ಸಲವೂ ಹೋಗುತ್ತೇನೆ, ನನ್ನ ಕಾಲಿಗೇನಾಗಿದೆ.

ಕಾಗದ ನಿನ್ನ ಕೈಗೆ ಕಳಿಸು ಎಂದು ಬರೆದಿದ್ದೀ. ಅದನ್ನು ನಾನು ನೋಡಿಕೊಳ್ಳುತ್ತೇನೆ. ನಿನ್ನ ಕೈ ಏನು ಬರೆದು ಎಲ್ಲಿ ಅಂಟಿಸುತ್ತದೆ ಎಂಬುದನ್ನು ನೀನೇ ನನಗೆ ಹೇಳಿದ್ದೀ.

ಅಕ್ಕ ಶಕುಂತಲಾಬಾಯಿಗೆ ತೊಂದರೆ ಕೊಡಬೇಡ. ಮಗಳ ಮನೆಯಲ್ಲಿ ಗಂಡು ಮಗ ತಿಂಗಳುಗಟ್ಟಲೆ ಉಂಡು ಕೂತರೆ ಅಳಿಯಂದಿರು ಬಾಯಿ ಬಿಟ್ಟು ಏನೂ ಅನ್ನುವುದಿಲ್ಲ, ಅಷ್ಟೆ.

ನಿನ್ನ ತಂದೆ
ರೇವಪ್ಪ

•

ತಾಂಡೂರು
ಮೇ ೨೭, ೧೯೪೩

ಅಪ್ಪನವರಿಗೆ ನಮಸ್ಕಾರ.

ಇನ್ನು ಹತ್ತೊಂಬತ್ತು ದಿನ. ಸಿಟ್ಟಾಗಬೇಡಿರಿ, ನಿಮ್ಮನ್ನು ಅವಸರ ಮಾಡುತ್ತಿಲ್ಲ. ಆದರೆ ಬೆಳಗ್ಗೆ ಎದ್ದ ಕೂಡಲೇ ನನ್ನ ತಲೆಯಲ್ಲಿ ಮೊದಲು ಬರುವುದು ಆ ಸಂಖ್ಯೆ. ಹಲ್ಲುಜ್ಜುವಾಗ ಹತ್ತೊಂಬತ್ತು, ನೀರು ಸೇದುವಾಗ ಹತ್ತೊಂಬತ್ತು. ಭಾವ ತೊಗರಿಯ ಮೂಟೆ ಎಣಿಸು ಎಂದು ತಮ್ಮ ಆಡತಿ ಅಂಗಡಿಗೆ ಕರೆದುಕೊಂಡು ಹೋದರೆ ಹತ್ತೊಂಬತ್ತಕ್ಕೆ ನಿಂತುಬಿಟ್ಟೆ. ಅವರು ಮೊದಲಿಂದ ತಾವೇ ಎಣಿಸಿದರು.

ದಿನಾ ಗಾಡಿಯ ಹೊತ್ತಿಗೆ ಸ್ಟೇಷನ್ನಿಗೆ ಹೋಗುತ್ತೇನೆ. ಪೋಸ್ಟ್ ಮಾಸ್ತರು ಪಾಂಡಪ್ಪನವರಿಗೆ ನಾನು ಬರುವುದು ಅಭ್ಯಾಸವಾಗಿದೆ. ಚೀಲ ಬಿಚ್ಚುವ ಮೊದಲೇ "ಇವತ್ತೂ ಇಲ್ರಿ ಮಾಣಿಕಪ್ಪ" ಎನ್ನುತ್ತಾರೆ. "ಇನ್ನಾ ನೋಡೇ ಇಲ್ಲಲ್ರಿ" ಎಂದರೆ, "ನಿಮ್ಮ ಮಾರಿ ನೋಡಿದ್ರ ಗೊತ್ತಾಗ್ತದ, ಬರೂ ದಿನ ಅಲ್ಲ ಇದು" ಎಂದು ನಗುತ್ತಾರೆ. ಆಮೇಲೆ ಪಾಪ ಅನ್ನಿಸಿ ಒಂದೊಂದೇ ಕಾಗದ ತಿರುವಿ ತೋರಿಸುತ್ತಾರೆ. ನಾರಾಯಣಖೇಡದ ಚೀಲ ಸಂಜೆಗೆ ಬರುತ್ತದೆ. ಅದಕ್ಕೂ ಹೋಗುತ್ತೇನೆ.

ಊಟ ಸೇರುವುದಿಲ್ಲ. ಅಕ್ಕ ತಾಟಿನ ಮುಂದೆ ಕೂಡ್ರಿಸಿ, "ಉಣ್ಣೋ. ಉಂಡ್ರ ಕಾಗದ ಬರಾಂಗಿಲ್ಲಂತ ಯಾರರ ಹೇಳ್ಯಾರೇನು?" ಎಂದು ಬೈಯುತ್ತಾಳೆ. ನಾನು ಅಳುತ್ತೇನೆಂದು ಹೆದರಿ ಆಮೇಲೆ ತಾನೇ ಒಳಗೆ ಹೋಗುತ್ತಾಳೆ.

ಪುಣೆಗೆ ಸೇರಿದ ಮೇಲೆ ನಿಮ್ಮ ತಲೆ ತಗ್ಗುವಂತೆ ನಾನು ಏನೂ ಮಾಡುವುದಿಲ್ಲ. ಮುಚ್ಚಳಿಕೆಯಲ್ಲಿ ಇದನ್ನೂ ಬರೆಯಿರಿ. ತಹಸೀಲದಾರರು ದೌರೆಯಿಂದ ಬಂದರೇ?

ನಿಮ್ಮ
ಮಾಣಿಕ

•

ನಾರಾಯಣಖೇಡ
೨೭ ತೀರ್ ೧೩೫೨ ಫಸಲಿ (ಇಂಗ್ರೇಜಿ ಜೂನ್ ೧)

ಚಿ. ಮಾಣಿಕನಿಗೆ ಆಶೀರ್ವಾದ.

ಆತು. ಕೆಲಸ ಆತು.

ನಿನ್ನೆ ಸಾಹೇಬರು ರುಜು ಹಾಕಿದರು, ಮೊಹರು ಒತ್ತಿದರು. ನಿನ್ನ ನಡತೆ ಈಗ ಸರ್ಕಾರದ ಪ್ರಕಾರ ಒಳ್ಳೆಯದು. ರಾತ್ರಿ ಕೂತು ಮುಚ್ಚಳಿಕೆ ಬರೆದೆ. ನನ್ನ ಜೀವಮಾನದಲ್ಲಿ ಅಷ್ಟು ದುಂಡಾಗಿ ನಾನು ಒಂದಕ್ಷರವನ್ನೂ ಬರೆದಿಲ್ಲ. ಶಾಲೆಯ ಹೆಡ್ ಮಾಸ್ತರರಿಂದ ಅದರ ಇಂಗ್ರೇಜಿಯನ್ನೂ ಮಾಡಿಸಿದೆ. ನಿನ್ನ ಅವ್ವ ಕಂದೀಲು ಹಿಡಿದು ನಿಂತಿದ್ದಳು. ಏನಿದೆ ಇದರಾಗ ಎಂದಳು. ನಿನ್ನ ಮಗ ಇದರಾಗ ಇದ್ದಾನ ಎಂದೆ.

ಕಾಗದವನ್ನು ನಿನಗೆ ಕಳಿಸಿಲ್ಲ. ಇಲ್ಲಿಂದ ತಾಂಡೂರಿಗೆ, ತಾಂಡೂರಿಂದ ಪುಣೆಗೆ ಎಂದು ಎರಡು ಸಲ ಕೈ ಬದಲಿಸುವುದೇಕೆ? ಇವತ್ತು ಬೆಳಗ್ಗೆ ನಾನೇ ಅರಗು ಕಾಸಿ ನಾಲ್ಕು ಕಡೆ ಮುದ್ರೆ ಹಾಕಿ, ನನ್ನ ಪೆಟ್ಟಿಗೆಯಲ್ಲಿದ್ದ ಟಪಾಲು ಟಿಕೆಟ್ಟುಗಳನ್ನು ಬೇಕಾದ್ದಕ್ಕಿಂತ ಎರಡರಷ್ಟು ಹಚ್ಚಿ, ಟಪಾಲಿನವನ ಚೀಲಕ್ಕೆ ನನ್ನ ಕೈಯಾರೆ ಹಾಕಿದೆ. ನೆಟ್ಟಗೆ ಪುಣೆಗೆ. ಇನ್ನು ನೀನು ಸ್ಟೇಷನ್ನಿಗೆ ಹೋಗಿ ಆ ಮಾಸ್ತರನ ಜೀವ ತಿನ್ನುವುದು ಬೇಡ.

ಇವತ್ತು ಮಧ್ಯಾಹ್ನ ಚಾಪೆಯ ಮೇಲೇ ನಿದ್ದೆ ಬಂತು. ಯಾರೋ ಅರ್ಜಿಯವನು ಬಂದು ನೋಡಿ ಹಾಗೇ ಹೋದನಂತೆ. ಇಷ್ಟು ವರ್ಷದಲ್ಲಿ ಹಾಗೆ ಆದದ್ದಿಲ್ಲ.

ನಿನ್ನ ತಂದೆ
ರೇವಪ್ಪ

•

ತಾಂಡೂರು
ಜೂನ್ ೪, ೧೯೪೩

ಅಪ್ಪನವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಅಕ್ಕನಿಗೆ ಎರಡು ಸಲ ಓದಿ ಹೇಳಿದೆ. ಅವಳು ಇವತ್ತು ಹೋಳಿಗೆ ಮಾಡಿದಳು. ನಾನು ಮೂರು ತಿಂದೆ. ನೀವು ಪಟ್ಟ ಕಷ್ಟ ನನಗೆ ಗೊತ್ತಿದೆ, ಬಾಯಲ್ಲಿ ಹೇಳಲು ಬರುವುದಿಲ್ಲ.

ಒಂದೇ ಒಂದು ಮಾತು, ಕೋಪ ಮಾಡಿಕೊಳ್ಳಬೇಡಿರಿ. ಲಕೋಟೆಗೆ ಯಾವ ಟಿಕೆಟ್ಟು ಹಚ್ಚಿದಿರಿ? ಪಾಂಡಪ್ಪನವರಿಗೆ ಸಂತೋಷದಿಂದ ಹೇಳಿದೆ, ಅವರ ಮುಖ ಸಣ್ಣದಾಯಿತು. "ನಮ್ಮ ನಿಜಾಮ ಸರ್ಕಾರದ ಟಿಕೆಟ್ಟು ಸರಹದ್ದಿನಾಚೆ ನಡ್ಯಾಂಗಿಲ್ರಿ. ಪುಣೆ ಇಂಗ್ರೇಜಿ ಅಮಲು. ಅಲ್ಲಿಗೆ ಇಂಗ್ರೇಜಿ ಬಾದಶಹನ ತಲಿ ಇರೋ ಟಿಕೆಟ್ಟೇ ಬೇಕು. ಇಲ್ದಿದ್ರ ಬೇರಂಗ್ ಆಗ್ತದ" ಎಂದರು. ಬೇರಂಗ್ ಎಂದರೆ ಟಿಕೆಟ್ಟೇ ಇಲ್ಲದ ಕಾಗದ, ಪಡೆಯುವವರು ದುಪ್ಪಟ್ಟು ತೆತ್ತು ಬಿಡಿಸಿಕೊಳ್ಳಬೇಕು. ದೊಡ್ಡ ಕಚೇರಿಗಳು ಅಂಥವನ್ನು ಮುಟ್ಟುವುದೇ ಇಲ್ಲವಂತೆ, ಹಾಗೇ ವಾಪಸ್ ಮಾಡುತ್ತವಂತೆ. ನಾನು ನನಗೇ ಕಳಿಸಿರಿ ಎಂದದ್ದು ಇದಕ್ಕೇ. ಆಗಲೇ ಬಿಡಿಸಿ ಬರೆಯಬೇಕಿತ್ತು, ನಿಮಗೆ ಗೊತ್ತಿರುತ್ತದೆಂದು ಬಿಟ್ಟೆ.

ನೀವು ಇಂಗ್ರೇಜಿ ಟಿಕೆಟ್ಟನ್ನೇ ಹಚ್ಚಿರುತ್ತೀರಿ. ಆದರೂ ಒಂದು ಸಾಲು ಬರೆಯಿರಿ. ಇನ್ನೂ ಹನ್ನೊಂದು ದಿನ ಇವೆ. ತಪ್ಪಾಗಿದ್ದರೆ ನಾನು ಪುಣೆಗೆ ತಂತಿ ಕೊಡುತ್ತೇನೆ, ಸಾಹೇಬರಿಂದ ಇನ್ನೊಂದು ಪ್ರತಿ ಮಾಡಿಸಬಹುದು. ತಿಳಿದರೆ ಎಲ್ಲಕ್ಕೂ ದಾರಿ ಇದೆ.

ನಿಮ್ಮ
ಮಾಣಿಕ

•

ನಾರಾಯಣಖೇಡ
೪ ಅಮರ್ದಾದ್ ೧೩೫೨ ಫಸಲಿ (ಇಂಗ್ರೇಜಿ ಜೂನ್ ೯)

ಚಿ. ಮಾಣಿಕನಿಗೆ ಆಶೀರ್ವಾದ.

ಪತ್ರ ತಲುಪಿತು. ಅರ್ಜಿ ಬರೆಯುವವನಿಗೆ ಟಿಕೆಟ್ಟು ಹಚ್ಚುವುದನ್ನು ತಾಂಡೂರಿನ ಪೋಸ್ಟ್ ಮಾಸ್ತರು ಕಲಿಸಬೇಕಾಗಿಲ್ಲ. ಈ ಮೂವತ್ತೊಂದು ವರ್ಷದಲ್ಲಿ ನನ್ನ ಕಾಗದ ಯಾವ ಕಚೇರಿಯಿಂದಲೂ ವಾಪಸ್ ಬಂದಿಲ್ಲ.

ನಿನ್ನ ಅವ್ವನ ಮೊಣಕಾಲು ಊದಿದೆ. ಸೀಮೆಎಣ್ಣೆ ಸಿಗುತ್ತಿಲ್ಲ, ಸಂಜೆಗೇ ಮಲಗುತ್ತೇವೆ. ಮಳೆ ಇನ್ನೂ ಇಲ್ಲ.

ಇನ್ನೊಂದು ಸುದ್ದಿ. ನಿನ್ನ ಹಳೆಯ ಕಾಲೇಜಿನವರು ಹೊರಗೆ ಹಾಕಿದ ಹುಡುಗರಿಗೆ ಒಂದು ಅವಕಾಶ ಕೊಟ್ಟಿದ್ದಾರಂತೆ. ಶಹರೇವರ್ ಆರರೊಳಗೆ, ಅಂದರೆ ಜುಲೈ ಹನ್ನೆರಡರೊಳಗೆ, ತಪ್ಪೊಪ್ಪಿ ಮಾಫಿನಾಮೆ ಬರೆದುಕೊಟ್ಟವರನ್ನು ಮತ್ತೆ ಸೇರಿಸಿಕೊಳ್ಳುತ್ತಾರಂತೆ. ಸುಮ್ಮನೆ ತಿಳಿಸಿದೆ.

ನಿನ್ನ ತಂದೆ
ರೇವಪ್ಪ

•

ತಾಂಡೂರು
ಜೂನ್ ೨೪, ೧೯೪೩

ಅಪ್ಪನವರಿಗೆ ನಮಸ್ಕಾರ.

ಹದಿನೈದು ಕಳೆಯಿತು, ಹದಿನಾರು ಕಳೆಯಿತು. ಹದಿನೇಳಕ್ಕೆ ತಾಳಲಾರದೆ ನಾನೇ ಪುಣೆಗೆ ಬರೆದೆ. ಇವತ್ತು ಕಾರ್ಡು ಬಂತು. ಅಚ್ಚು ಹಾಕಿದ ಕಾರ್ಡು, ಹೆಸರು ಮಾತ್ರ ಕೈಯಲ್ಲಿ ಬರೆದದ್ದು. ಜಾಗಗಳೆಲ್ಲ ತುಂಬಿವೆ, ವಿಷಾದಿಸುತ್ತೇವೆ. ಬೇರೆ ಏನೂ ಇಲ್ಲ.

ನನಗೆ ಕಾರಣ ಗೊತ್ತಿದೆ. ಹೈದರಾಬಾದಿನಿಂದ ಯಾರೋ ಬರೆದಿರಬೇಕು. ಇವನನ್ನು ಸೇರಿಸಬೇಡಿ, ಇವನು ಇಂಥವನು ಎಂದು. ತಹಸೀಲದಾರರ ಮೊಹರನ್ನು ಯಾರು ಕೇಳುತ್ತಾರೆ. ನೀವು ಐದು ಸಲ ಕಚೇರಿ ಸುತ್ತಿದ್ದು, ಪೇಶ್ಕಾರನಿಂದ ಅನ್ನಿಸಿಕೊಂಡದ್ದು ಎಲ್ಲ ನನ್ನ ಒಂದು ರಾತ್ರಿಯ ಕೈಬರಹದಿಂದ ಹಾಳಾಯಿತು.

ಪಾಂಡಪ್ಪನವರು ಕಾರ್ಡು ಕೊಡುವಾಗ ನನ್ನ ಮುಖ ನೋಡಲಿಲ್ಲ. ಅವರು ಓದಿರಬೇಕು. ಸ್ಟೇಷನ್ನಿನ ಕಟ್ಟೆಯ ಮೇಲೆ ಕೂತೇ ಇದ್ದೆ, ಮಧ್ಯಾಹ್ನದ ಬಿಸಿಲಿಗೆ ಫರಸಿ ಕಲ್ಲು ಸುಡುತ್ತಿತ್ತು. ಭಾವ ಬಂದು ತೋಳು ಹಿಡಿದು ಎಬ್ಬಿಸಿದರು. ಹತ್ತೊಂಬತ್ತು ವರ್ಷಕ್ಕೆ ನನ್ನ ಓದು ಮುಗಿಯಿತು ಎಂದು ಮನಸ್ಸಿಗೆ ಹೇಳಿ ನೋಡುತ್ತಿದ್ದೇನೆ. ಮನಸ್ಸು ಒಪ್ಪುತ್ತಿಲ್ಲ.

ನೀವು ಏನು ಹೇಳಿದರೆ ಅದು.

ಮಾಣಿಕ

•

ನಾರಾಯಣಖೇಡ
೨೪ ಅಮರ್ದಾದ್ ೧೩೫೨ ಫಸಲಿ (ಇಂಗ್ರೇಜಿ ಜೂನ್ ೨೯)

ಚಿ. ಮಾಣಿಕನಿಗೆ ಆಶೀರ್ವಾದ.

ಇದರ ಜೊತೆ ಮಾಫಿನಾಮೆಯ ಕರಡು ಇಟ್ಟಿದ್ದೇನೆ. ಒಳ್ಳೆಯ ಉರ್ದುವಿನಲ್ಲಿದೆ. ಒಂದಕ್ಷರ ಬದಲಿಸದೆ ನಿನ್ನ ಕೈಯಲ್ಲಿ ನಕಲು ಮಾಡಿ, ಹೈದರಾಬಾದಿಗೆ ಹೋಗಿ ಕೊಡು.

ಬರೀ ತಪ್ಪಾಯಿತು ಎಂದರೆ ಅವರು ಒಪ್ಪುವುದಿಲ್ಲ. ಚೀಟಿ ಯಾರದೆಂದು ಅವರಿಗೆ ಒಂದು ಹೆಸರು ಬೇಕು. ಅದಕ್ಕೆ ಮೂರನೆಯ ಸಾಲಿನಲ್ಲಿ ಬರೆದಿದ್ದೇನೆ, ಚೀಟಿಗಳನ್ನು ಬರೆದು ತಂದವನು ರಾಮುಲು, ತಂದೆ ಬಕ್ಕಪ್ಪ, ಊರು ರಾಯಿಕೋಡ್ ಎಂದು. ಓದಿ ಗಾಬರಿಯಾಗಬೇಡ. ಅವನ ಹೆಸರು ಹೇಗೂ ತೆಗೆದಾಗಿದೆ. ತೆಗೆದ ಹೆಸರನ್ನು ಇನ್ನೊಮ್ಮೆ ತೆಗೆಯಲು ಬರುವುದಿಲ್ಲ. ಅವನು ಇವತ್ತು ಮೂಟೆ ಹೊರುತ್ತಿದ್ದಾನೆ, ಈ ಕಾಗದ ಕೊಟ್ಟರೂ ಕೊಡದಿದ್ದರೂ ನಾಳೆಯೂ ಹೊರುತ್ತಾನೆ. ನೀನು ಓದುತ್ತೀ. ಓದಿ ಮುಂದೆ ಬಂದ ಮೇಲೆ ಅವನಿಗೊಂದು ಉಪಕಾರ ಮಾಡಿದರಾಯಿತು.

ನಾನು ಕಚೇರಿಗಳನ್ನು ಬಲ್ಲೆ. ಇಂಥ ಕಾಗದ ಒಂದು ಕಟ್ಟಿನೊಳಗೆ ಹೋಗಿ ಕೂಡುತ್ತದೆ, ಮತ್ತೆ ಯಾರೂ ಬಿಚ್ಚುವುದಿಲ್ಲ. ನಿನ್ನ ಜಾಮೀನಿಗೆ ನಾನೇ ರುಜು ಹಾಕಿದ್ದೇನೆ.

ನಿನ್ನ ಅವ್ವ ಮೂರು ದಿನದಿಂದ ಒಂದೇ ಹೊತ್ತು ಉಣ್ಣುತ್ತಿದ್ದಾಳೆ. ಇದನ್ನು ನಿನಗೆ ಬರೆಯಬಾರದೆಂದಿದ್ದೆ.

ನಿನ್ನ ತಂದೆ
ರೇವ‌ಪ್ಪ

•

ಜಹೀರಾಬಾದ್
ಜುಲೈ ೪, ೧೯೪೩

ಗೆಳೆಯ ಮಾಣಿಕ,

ಪುಣೇದ್ದು ಆಗಲಿಲ್ಲಂತ ನೀ ಬರದಿದ್ದು ಓದಿ ಭಾಳ ಕೆಟ್ಟ ಅನಿಸ್ತು. ಒಬ್ಬನರ ದಾಟಿ ಹೋಗ್ಯಾನಲ್ಲ ಅಂತ ನಾ ಇಲ್ಲಿ ಮಂದಿಗೆಲ್ಲ ಹೇಳಿದ್ದೆ.

ಹಳೇ ಕಾಲೇಜಿಗೆ ಮಾಫಿ ಬರಕೊಡ್ಬೇಕೋ ಬ್ಯಾಡೋ ಅಂತ ಕೇಳೀದಿ. ಬರಕೊಡು. ಅದರಾಗ ನಾಚಿಗಿ ಏನದ? ನಮ್ಮವ್ವ ದಿನಾ ಹತ್ತು ಮಂದಿಗೆ ತಪ್ಪಾತ್ರಿ ಅಂತಾಳ, ಆಕಿ ಮಾಡಿದ್ದು ಏನೂ ಇರಾಂಗಿಲ್ಲ. ನಾ ಯಾಕ ಬರಕೊಡಲಿಲ್ಲ ಅಂದ್ರ, ಬರಕೊಟ್ರೂ ನನ್ನ ವೇತನ ತಿರುಗಿ ಕೊಡಾಂಗಿಲ್ಲಂತ. ಹೋಗಿ ಏನ್ ಮಾಡ್ಲಿ?

ನಿನ್ನ ಗಣಿತದ ಪುಸ್ತಕ, ನೋಟ್ಸು ಎಲ್ಲ ಜತನ ಇಡು. ವರ್ಷ ಮುಗಿದ ಮ್ಯಾಲ ನನಗ ಕೊಡು. ಇಲ್ಲಿ ಗೂಡ್ಸ್ ಶೆಡ್ಡಿನಾಗ ಮಧ್ಯಾಹ್ನ ಎರಡು ತಾಸು ಗಾಡಿ ಇರಾಂಗಿಲ್ಲ, ಮೂಟಿ ಮ್ಯಾಲ ಕುಂತು ಓದ್ತೀನಿ. ಬರೂ ವರ್ಷ ನಾನೂ ಪುಣೇಕ್ಕ ಅರ್ಜಿ ಹಾಕ್ತೀನಿ. ನಿಮ್ಮ ಅಪ್ಪಾರ ಕೈಲೇ ಬರೆಸ್ತೀನಿ. ಅವರು ಬರದ್ರ ಸರ್ಕಾರ ಕೇಳ್ತದಂತ ನಮ್ಮವ್ವಗ ಹೇಳೀನಿ.

ನೀ ಹೋಗು. ನನ್ನ ಸಲುವಾಗಿ ಹಿಂದಮುಂದ ನೋಡಬ್ಯಾಡ.

ನಿನ್ನ
ರಾಮುಲು

•

ಹೈದರಾಬಾದ್
ಜುಲೈ ೧೩, ೧೯೪೩

ಅಪ್ಪನವರಿಗೆ ನಮಸ್ಕಾರ.

ನಿನ್ನೆ ಕೊಟ್ಟೆ. ಒಂದಕ್ಷರ ಬದಲಿಸಲಿಲ್ಲ. ಇವತ್ತು ಸೇರಿಸಿಕೊಂಡರು. ಅದೇ ಕೋಣೆ ಸಿಕ್ಕಿದೆ. ಪಕ್ಕದ ಮಂಚಕ್ಕೆ ಇನ್ನೂ ಯಾರೂ ಬಂದಿಲ್ಲ.

ಅವ್ವನಿಗೆ ಎರಡು ಹೊತ್ತು ಉಣ್ಣಲು ಹೇಳಿರಿ.

ಮಾಣಿಕ

•

ನಾರಾಯಣಖೇಡ
೨೩ ಮೆಹರ್ ೧೩೫೨ ಫಸಲಿ (ಇಂಗ್ರೇಜಿ ಆಗಸ್ಟ್ ೨೯)

ಮಾಣಿಕ,

ಆರು ವಾರದಿಂದ ನಿನ್ನ ಪತ್ರವಿಲ್ಲ. ನಾನೂ ಕೇಳಿಲ್ಲ. ಇವತ್ತು ಬರೆಯಲೇಬೇಕಾಗಿದೆ. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಮೂರು ಹಾಳೆ ಹರಿದೆ. ಮಂದಿಯ ಅರ್ಜಿಯನ್ನು ಹೀಗೆ ಹರಿದವನಲ್ಲ ನಾನು.

ರಾಮುಲುನನ್ನು ಜಹೀರಾಬಾದ್ ಸ್ಟೇಷನ್ನಿನಲ್ಲಿ ಪೊಲೀಸರು ಹಿಡಿದರು. ನಿನಗೆ ಗೊತ್ತಿದೆಯೋ ಇಲ್ಲವೋ. ಮೂಟೆ ಹೆಗಲ ಮೇಲಿದ್ದಾಗಲೇ ಹಿಡಿದರಂತೆ. ಚೀಟಿ ಬರೆದವನೆಂದು ಒಂದು ವರ್ಷದ ಸಜೆಯಾಗಿದೆ. ನಿನ್ನೆ ಅವನ ತಾಯಿ ಲಚ್ಚಮ್ಮ ರಾಯಿಕೋಡಿನಿಂದ ನಡೆದು ನನ್ನ ಚಾಪೆಯ ಮುಂದೆ ಬಂದು ನಿಂತಳು.

"ಅರ್ಜಿ ಬರಿಯೋ ರೇವಪ್ಪಾರು ನೀವೇ ಏನ್ರಿ? ನಾ ರಾಮುಲುನ ಅವ್ವ್ರಿ. ನೀವು ಬರದ್ರ ಸರ್ಕಾರ ಕೇಳ್ತದಂತ ಹೇಳಿದ್ದ" ಎಂದಳು.

ನನಗೆ ಎದ್ದು ಹೋಗಬೇಕೆನ್ನಿಸಿತು. ಎಲ್ಲಿಗೆ ಹೋಗಲಿ? ಏನಂತ ಬರೀಬೇಕವ್ವ ಎಂದು ಕೇಳಿದೆ.

"ಆ ರಾತ್ರಿ ನನ್ನ ಮಗಗ ಜ್ವರ ಇತ್ತಂತ ಬರೀರಿ. ಪಕ್ಕದ ಮಂಚದಾಗ ನಿಮ್ಮ ಮಾಣಿಕಪ್ಪ ಇದ್ದ, ಅವ್ನೇ ನೀರು ಕುಡಿಸ್ಯಾನಂತ. ಮಾಣಿಕಪ್ಪ ಸಾಕ್ಷಿ ಹೇಳ್ತಾನಂತ ಬರೀರಿ ಅಪ್ಪಾರ. ಅದೊಂದು ಬರದ್ರ ಸಾಕು."

ನಾಲ್ಕು ಪುಟ ಬರೆದೆ. ವಿಧವೆ ಎಂದು ಬರೆದೆ, ಒಬ್ಬನೇ ಮಗ ಎಂದು ಬರೆದೆ, ಸರ್ಕಾರದ ದಯೆ ಎಂದು ಬರೆದೆ. ಆ ಒಂದು ಸಾಲನ್ನು ಬರೆಯಲಿಲ್ಲ. ಬರೆದರೆ ನಿನ್ನ ಮಾಫಿನಾಮೆ ಸುಳ್ಳಾಗುತ್ತದೆ, ನೀನು ಒಳಗೆ ಹೋಗುತ್ತೀ. ಮುಗಿದ ಮೇಲೆ ಆಕೆ, "ಒಮ್ಮಿ ಓದಿ ಹೇಳ್ರಿ" ಎಂದಳು. ಓದಿ ಹೇಳಿದೆ. ಓದುವಾಗ ಆ ಸಾಲನ್ನು ಬಾಯಿಂದ ಸೇರಿಸಿ ಓದಿದೆ, ಕಾಗದದಲ್ಲಿ ಇದ್ದ ಹಾಗೆ. ಮಾಣಿಕಪ್ಪ ಸಾಕ್ಷಿ ಹೇಳುತ್ತಾನೆ ಎಂದು ಓದಿದೆ. ಆಕೆ ಕಣ್ಣೊರೆಸಿಕೊಂಡು ಹೆಬ್ಬೆಟ್ಟು ಒತ್ತಿದಳು. ಪುಣ್ಯ ಬರಲಿ ನಿಮಗೆ ಎಂದಳು.

ಈಗ ಇನ್ನೊಂದು. ಪುಣೆಯಲ್ಲಿ ನಿನ್ನನ್ನು ಬೇಡವೆಂದವರು ಯಾರೂ ಇಲ್ಲ. ಹೈದರಾಬಾದಿನಿಂದ ಯಾರೂ ಚಾಡಿ ಬರೆದಿಲ್ಲ. ಈ ತಿಂಗಳ ಮೊದಲ ವಾರ ನನ್ನ ಲಕೋಟೆ ವಾಪಸ್ ಬಂತು. ನಾಲ್ಕೂ ಮುದ್ರೆ ಹಾಗೇ ಇವೆ. ಒಡೆದೇ ಇಲ್ಲ. ನಾನು ಹಚ್ಚಿದ್ದು ನಮ್ಮ ಸರ್ಕಾರದ ಟಿಕೆಟ್ಟು. ನನ್ನ ಕಾಗದಗಳು ಬೀದರ, ಹೈದರಾಬಾದ್ ಬಿಟ್ಟು ಆಚೆ ಎಂದೂ ಹೋದದ್ದಿಲ್ಲ, ನನಗೆ ಗೊತ್ತಿರಲಿಲ್ಲ.

ಅಷ್ಟೇ ಆಗಿದ್ದರೆ ತಪ್ಪು ಎನ್ನಬಹುದಿತ್ತು. ನೀನು ಟಿಕೆಟ್ಟಿನ ವಿಷಯ ಕೇಳಿದ ಪತ್ರ ಜೂನ್ ಏಳಕ್ಕೆ ನನ್ನ ಕೈಗೆ ಬಂತು. ಅವತ್ತು ಸಂಜೆಯೇ ಟಪಾಲಿನವನನ್ನು ಕೇಳಿದೆ. ಅವನೂ ಪಾಂಡಪ್ಪ ಹೇಳಿದ್ದನ್ನೇ ಹೇಳಿದ. ಎಂಟು ದಿನ ಇತ್ತು ಮಾಣಿಕ. ಮರುದಿನ ಬಸ್ಸಿಗೆ ಜಹೀರಾಬಾದಿಗೆ ಹೋಗಿ ತಂತಿ ಕೊಡಬಹುದಿತ್ತು. ಸಾಹೇಬರ ಮುಂದೆ ಹೋಗಿ, ಟಿಕೆಟ್ಟು ತಪ್ಪು ಹಚ್ಚಿದೆ, ಇನ್ನೊಂದು ಪ್ರತಿ ಕೊಡಿ ಎನ್ನಬೇಕಿತ್ತು. ಪೇಶ್ಕಾರನ ಮೀಸೆ ಕಣ್ಣ ಮುಂದೆ ಬಂತು. ಬೇರಂಗ್ ಆದರೂ ಅಲ್ಲಿಯವರು ಬಿಡಿಸಿಕೊಂಡಾರು ಎಂದು ನನಗೇ ಹೇಳಿಕೊಂಡೆ. ದಿನಾ ಹೇಳಿಕೊಂಡೆ. ಹದಿನೈದು ದಾಟಿತು. ಆಮೇಲೆ ನಿನಗೆ ಆ ಕರಡು ಬರೆದೆ, ಯಾಕೆಂದರೆ ನೀನು ಎಲ್ಲಾದರೂ ಸೇರಿದರೆ ನನ್ನದು ಮುಚ್ಚಿಹೋಗುತ್ತದೆ ಎಂದು. ರಾಮುಲುನ ಹೆಸರು ಬರೆದವನು ನೀನಲ್ಲ, ನಾನು. ಅದನ್ನೂ ನನ್ನ ನಾಚಿಕೆಗಾಗಿ ಬರೆದೆ.

ನಿನ್ನ ಅವ್ವನಿಗೆ ಹೇಳಿಲ್ಲ. ನಿನಗೆ ಹೇಳಿದ್ದೇನೆ. ಏನು ಬೇಕಾದರೂ ಅನ್ನು.

ರೇವಪ್ಪ

•

ಹೈದರಾಬಾದ್
ಸೆಪ್ಟೆಂಬರ್ ೧೪, ೧೯೪೩

ಅಪ್ಪನವರಿಗೆ,

ನಿಮ್ಮ ಪತ್ರ ತಲುಪಿ ಹನ್ನೆರಡು ದಿನವಾಯಿತು. ನಿಮ್ಮನ್ನು ಏನಾದರೂ ಅನ್ನಬೇಕೆಂದು ಕೂತರೆ ಮಾತು ನನ್ನ ಮೇಲೆಯೇ ಬರುತ್ತದೆ. ಕರಡು ನಿಮ್ಮದು, ಕೈ ನನ್ನದು. ಮೂರನೆಯ ಸಾಲು ಬರೆಯುವಾಗ ನನ್ನ ಕೈಯನ್ನು ಯಾರೂ ಹಿಡಿದಿರಲಿಲ್ಲ. ರಾಮುಲುನ ಕಾಗದ ನನ್ನ ಜೇಬಿನಲ್ಲಿಯೇ ಇತ್ತು.

ಪತ್ರ ಓದಿದ ಮರುದಿನ ಪ್ರಿನ್ಸಿಪಾಲರ ಹತ್ತಿರ ಹೋದೆ. ಚೀಟಿ ನನ್ನದು, ರಾಮುಲುನಿಗೆ ಜ್ವರವಿತ್ತು, ಮಾಫಿನಾಮೆ ಸುಳ್ಳು ಎಂದು ಬರೆದು ಮೇಜಿನ ಮೇಲಿಟ್ಟೆ. ಅವರು ಓದಿ, ಮಡಿಸಿ, ನನ್ನ ಕೈಗೇ ಕೊಟ್ಟರು. ಬೇಟಾ, ಹೋಗಿ ಓದಿಕೋ ಎಂದರು. ಅಲ್ಲಿಂದ ಪೊಲೀಸ್ ಅಮೀನರ ಹತ್ತಿರ ಹೋದೆ. ಅವರು ಕೂಡ್ರಿಸಿ, ಚಹಾ ತರಿಸಿ, ನಿಧಾನವಾಗಿ ತಿಳಿಸಿ ಹೇಳಿದರು. ನಿನ್ನ ಮಾಫಿನಾಮೆಯನ್ನು ಸರ್ಕಾರ ಕಬೂಲು ಮಾಡಿದೆ, ಅದರ ಮೇಲೆ ಒಬ್ಬನಿಗೆ ಸಜೆ ಆಗಿದೆ. ಈಗ ಅದು ಸುಳ್ಳೆಂದರೆ ಸರ್ಕಾರ ಸುಳ್ಳಾಗುತ್ತದೆ. ದೋಸ್ತನ ಮೇಲಿನ ಮಮತೆಯಿಂದ ಹೀಗೆ ಹೇಳುತ್ತಿದ್ದೀ, ಒಳ್ಳೆಯ ಹುಡುಗ, ಎಂದು ಬೆನ್ನು ತಟ್ಟಿದರು. ನನ್ನ ಬೆನ್ನು ತಟ್ಟಿದರು ಅಪ್ಪ.

ಜೈಲಿಗೂ ಹೋದೆ. ರಕ್ತಸಂಬಂಧಿಗಳಿಗೆ ಮಾತ್ರ ಭೇಟಿಯಂತೆ. ಗಣಿತದ ಪುಸ್ತಕವನ್ನಾದರೂ ಒಳಗೆ ಕಳಿಸಿರಿ ಎಂದೆ. ತೆಗೆದುಕೊಳ್ಳಲಿಲ್ಲ.

ನೀವು ರಾಯಿಕೋಡಿಗೆ ಹೋಗಬೇಕು. ಆಕೆ ಇನ್ನೊಮ್ಮೆ ನಿಮ್ಮ ಚಾಪೆಯವರೆಗೆ ನಡೆದು ಬರುವಂತೆ ಮಾಡಬೇಡಿರಿ. ಅರ್ಜಿಯಲ್ಲಿ ಆ ಸಾಲು ಇಲ್ಲವೆಂದು ಹೇಳಿರಿ. ಚೀಟಿ ಬರೆದವನೂ ಹೆಸರು ಕೊಟ್ಟವನೂ ಮಾಣಿಕನೇ ಎಂದು ಹೇಳಿರಿ. ನೀವು ಹೋಗದಿದ್ದರೆ ದಸರೆಯ ರಜೆಗೆ ನಾನೇ ಹೋಗುತ್ತೇನೆ. ಆಕೆ ಏನು ಮಾಡಿದರೂ ಮಾಡಿಸಿಕೊಂಡು ಬರುತ್ತೇನೆ.

ಕಾಲೇಜು ಬಿಟ್ಟು ಬರಬಹುದಿತ್ತು. ಇಲ್ಲಿದ್ದರೆ ಎರಡು ದಿನಕ್ಕೊಮ್ಮೆ ಅಮೀನರ ಮುಂದೆ ಹೋಗಿ ನಿಂತು ಅದನ್ನೇ ಹೇಳಬಹುದು, ಅದಕ್ಕೆ ಇದ್ದೇನೆ. ಅವರಿಗೂ ಬೇಸರ ಬಂದಿದೆ. ನನ್ನನ್ನು ಕಂಡ ಕೂಡಲೇ ಒಳಗೆ ಹೋಗುತ್ತಾರೆ.

ದಿನಾ ಬೆಳಗ್ಗೆ ಹಾಜರಿ ಕರೆಯುತ್ತಾರೆ. ನನ್ನ ಹೆಸರು ಬಂದಾಗ ಎದ್ದು ನಿಲ್ಲಬೇಕು. ಸುಳ್ಳು ಮಾಫಿನಾಮೆ ಕೊಟ್ಟವನ ಹೆಸರನ್ನು ಪಟ್ಟಿಯಿಂದ ತೆಗೆಯಿರೆಂದು ಎರಡು ಸಲ ಬರೆದುಕೊಟ್ಟೆ. ನನ್ನ ನಡತೆ ಒಳ್ಳೆಯದಿದೆಯಂತೆ, ತೆಗೆಯಲು ಕಾರಣವಿಲ್ಲವಂತೆ.

ಮಾಣಿಕ